ಆಂಪ್ಲಿಫೈಯರ್‌ಗೆ ಪವರ್ ಸಪ್ಲೈ ಮಾಡೋದು ಹೇಗೆ, ಅದೂ ನಮ್ಮ ಮನೆ ಕರೆಂಟಿಗೆ ತಕ್ಕ ಹಾಗೆ

ದೊಡ್ಡ ಹೈ ಎಂಡ್ ಆಂಪ್ಲಿಫೈಯರ್ ಯಾವುದಾದ್ರೂ ಮುಚ್ಚಳ ತೆಗೆದು ನೋಡಿ, ಒಳಗೆ ಕಣ್ಣಿಗೆ ಬೀಳೋದು ಟ್ರಾನ್ಸ್‌ಫಾರ್ಮರ್, ಸಾಲಾಗಿ ನಿಂತಿರೋ ಕೆಪಾಸಿಟರ್ ಡಬ್ಬಿಗಳು, ಸುತ್ತ ಹೀಟ್ ಸಿಂಕು, ಅಷ್ಟೇ. ನಿಜವಾದ ಆಂಪ್ಲಿಫೈಯರ್ ಸರ್ಕ್ಯೂಟು ಎಲ್ಲೋ ಒಂದು ಮೂಲೇಲಿ ಅಂಗೈ ಅಗಲದ ಬೋರ್ಡಲ್ಲಿ ಇರತ್ತೆ. ಇದು ಬರೀ ಶೋಕಿ ಅಲ್ಲ, ಸ್ಪೀಕರ್‌ಗೆ ಹೋಗೋ ಪ್ರತಿ ಆಂಪಿಯರೂ ಬರೋದು ಸಪ್ಲೈಯಿಂದಾನೇ, ಟ್ರಾನ್ಸಿಸ್ಟರೋ ಚಿಪ್ಪೋ ನಲ್ಲಿ ತಿರುಗಿಸಿದ ಹಾಗೆ ಅದನ್ನ ಜಾಸ್ತಿ ಕಮ್ಮಿ ಮಾಡತ್ತೆ ಅಷ್ಟೇ. ಆದ್ರೂ ಮನೇಲಿ ಆಂಪ್ ಕಟ್ಟೋರು ಹೆಚ್ಚಿನವರು ಚಿಪ್ಪಿನ ಬಗ್ಗೆ, ರೆಸಿಸ್ಟರ್ ಬ್ರ್ಯಾಂಡಿನ ಬಗ್ಗೆ ವಾರಗಟ್ಟಲೆ ಚರ್ಚೆ ಮಾಡಿ ಸಪ್ಲೈಗೆ ಬಂದಾಗ "ಒಂದು 25-0-25 ಹಾಕ್ಬಿಡಿ ಸಾಕು" (ನಡು ವೈರಿಂದ ಎರಡೂ ಕಡೆಗೆ 25 ವೋಲ್ಟ್ ಎಸಿ ಕೊಡೋ ಟ್ರಾನ್ಸ್‌ಫಾರ್ಮರ್) ಅಂತ ಮುಗಿಸ್ತಾರೆ, ಆಮೇಲೆ ಗುಂಯ್ ಅಂತಿದೆ ಅಂತ ಕೇಳ್ತಾರೆ.

ನಾನಿಲ್ಲಿ ಒಂದೇ ಉದಾಹರಣೆ ಹಿಡ್ಕೊಂಡು ಹೋಗ್ತೀನಿ. ಎರಡು ಚಾನೆಲ್, LM ಸರಣಿಯಲ್ಲಿ ಎಲ್ಲರಿಗೂ ಗೊತ್ತಿರೋ, ಇಡೀ ಆಂಪ್ ಒಂದರಲ್ಲೇ ಇರೋ ಎಲ್‌ಎಮ್3886 ಚಿಪ್ಪು, 8 ಓಮ್ ಸ್ಪೀಕರು. ಇದೇ ಲೆಕ್ಕ 100 ವ್ಯಾಟಿನ ಡಿಸ್ಕ್ರೀಟ್ (ಬಿಡಿ ಟ್ರಾನ್ಸಿಸ್ಟರಿನ) ಆಂಪಿಗೂ ನಡೆಯತ್ತೆ, ನಂಬರ್ ಬದಲಾಯಿಸ್ಕೊಳ್ಳಿ.

ಮೊದಲು ವೋಲ್ಟೇಜು. ಡೇಟಾಶೀಟ್ ಪ್ರಕಾರ ಈ ಚಿಪ್ಪು ಪ್ಲಸ್ ಮೈನಸ್ 35 ವೋಲ್ಟಲ್ಲಿ 8 ಓಮ್‌ಗೆ 50 ವ್ಯಾಟ್ ಕೊಡತ್ತೆ, ಪ್ಲಸ್ ಮೈನಸ್ 28ರಲ್ಲಿ 38 ವ್ಯಾಟ್. ಎಲ್ಲರೂ 50 ನೋಡಿ 25-0-25 ಟ್ರಾನ್ಸ್‌ಫಾರ್ಮರ್‌ಗೆ ಆರ್ಡರ್ ಕೊಡ್ತಾರೆ, ಕೆಪಾಸಿಟರ್ ಎಸಿಯ ಪೀಕಿಗೆ ತುಂಬೋದ್ರಿಂದ 25ನ್ನ 1.414ರಿಂದ ಗುಣಿಸಿದ್ರೆ 35 ಬಂತಲ್ಲ ಅಂತ. ಆದ್ರೆ ಅಲ್ಲೇ ನಿಲ್ಲಬಾರದು. ನಮ್ಮಲ್ಲಿ ಮೈನ್ಸ್ ಅಂದ್ರೆ 230 ವೋಲ್ಟ್, ಮೇಲೆ ಕೆಳಗೆ ಶೇಕಡಾ 10, ಅಂದ್ರೆ 207ರಿಂದ 253ರ ತನಕ ಎಲ್ಲಾನೂ ಸರಿಯಾದ ಸಪ್ಲೈ ಅಂತಲೇ ಲೆಕ್ಕ. ಅದರ ಮೇಲೆ ಟ್ರಾನ್ಸ್‌ಫಾರ್ಮರ್ ಮೇಲೆ ಬರೆದಿರೋ 25 ಅನ್ನೋದು ಫುಲ್ ಲೋಡಲ್ಲಿ ಬರೋ ವೋಲ್ಟೇಜು, ಲೋಡ್ ಇಲ್ದಾಗ 300 ವಿಎ (ವೋಲ್ಟ್ ಗುಣಿಸು ಆಂಪಿಯರ್, ಅದರ ಸಾಮರ್ಥ್ಯ) ಟೊರಾಯ್ಡಲ್ಲಿ (ಉಂಗುರದ ಆಕಾರದ್ದು) ಸುಮಾರು ಶೇಕಡಾ 6 ಜಾಸ್ತಿ ಇರತ್ತೆ. ಎರಡೂ ಸೇರಿಸಿ, ರಾತ್ರಿ ಹನ್ನೊಂದಕ್ಕೆ ಬೀದೀಲಿ ಎಲ್ಲರೂ ಎಸಿ ಗೀಸರ್ ಆಫ್ ಮಾಡಿ ಮಲಗಿರ್ತಾರೆ, ಲೈನ್ 253ಕ್ಕೆ ಏರಿದೆ, ನೀವು ಸಣ್ಣ ದನೀಲಿ ಹಾಡು ಕೇಳ್ತಿದೀರಿ, ಆಗ ರೈಲ್, ಅಂದ್ರೆ ಆಂಪಿಗೆ ಹೋಗೋ ಪ್ಲಸ್ ಅಥವಾ ಮೈನಸ್ ಡಿಸಿ, ಎಷ್ಟಿರತ್ತೆ? 25 ಗುಣಿಸು 1.06 ಗುಣಿಸು 1.1 ಗುಣಿಸು 1.414, ಡಯೋಡ್ ಡ್ರಾಪ್ ಕಳೆದ್ರೆ 40 ವೋಲ್ಟ್ ಮೀರತ್ತೆ. ಎರಡು ರೈಲ್ ಸೇರಿ 81. ಸಿಗ್ನಲ್ ಇರುವಾಗ ಚಿಪ್ಪಿನ ಗರಿಷ್ಠ ಮಿತಿ 84. ಅಂಚಲ್ಲಿ ನಿಂತ ಹಾಗಾಯ್ತು.

ಅದಕ್ಕೇ ನಾನು ಹೇಳೋದು 22-0-22 ತಗೊಳ್ಳಿ ಅಂತ. ಅದೇ ರಾತ್ರಿ ಲೆಕ್ಕ ಹಾಕಿದ್ರೆ 36ರ ಒಳಗೇ ನಿಲ್ಲತ್ತೆ, ಫುಲ್ ಲೋಡಲ್ಲಿ 30 ಉಳಿಯತ್ತೆ, ರಿಪಲ್ಲು (ಡಿಸಿ ಮೇಲೆ ಉಳಿಯೋ ಏರಿಳಿತ) ಮತ್ತು ಚಿಪ್ಪಿನ ಡ್ರಾಪ್ ಕಳೆದು ಸುಮಾರು 26 ವೋಲ್ಟ್ ಪೀಕ್ ಸಿಗತ್ತೆ, ಅಂದ್ರೆ 40 ವ್ಯಾಟಿನ ಹತ್ರ. 50 ಹೋಗಿ 40 ಆಯ್ತಲ್ಲ ಅಂತ ಬೇಜಾರಾಗೋರಿಗೆ: ವ್ಯತ್ಯಾಸ 1 ಡಿಬಿ. ವಾಲ್ಯೂಮ್ ನಾಬನ್ನ ಕೂದಲೆಳೆಯಷ್ಟು ತಿರುಗಿಸಿದ್ರೆ ಆಗೋ ವ್ಯತ್ಯಾಸ ಅದು. ನಿಮ್ಮ ಸ್ಪೀಕರ್ 4 ಓಮ್ ಆದ್ರೆ ಇನ್ನೂ ಕೆಳಗಿಳಿದು 20-0-20 ತಗೊಳ್ಳಿ, ಇಲ್ಲಾಂದ್ರೆ ಚಿಪ್ಪಿನ ಒಳಗಿನ ಪ್ರೊಟೆಕ್ಷನ್ನು ಜೋರು ಹಾಡಲ್ಲಿ ಎದ್ದು ಬಂದು ಪಟಪಟ ಅಂತ ಗಲಾಟೆ ಮಾಡತ್ತೆ. ಆರ್ಡರ್ ಕೊಡೋ ಮುಂಚೆ ನಿಮ್ಮ ಮನೆ ಸಾಕೆಟ್ಟಲ್ಲೇ ಮೀಟರ್ ಹಾಕಿ ಸಂಜೆ ಏಳಕ್ಕೊಮ್ಮೆ ತಡರಾತ್ರಿ ಒಮ್ಮೆ ನೋಡ್ಕೊಳ್ಳಿ, ಬೆಂಗಳೂರಿನ ಅಪಾರ್ಟ್‌ಮೆಂಟಿಗೂ ಪಂಪ್‌ಸೆಟ್ ಲೈನಿನ ಪಕ್ಕ ಇರೋ ಹಳ್ಳಿ ಮನೆಗೂ ಈ ನಂಬರು ಒಂದೇ ಇರಲ್ಲ.

ಇನ್ನು ವಿಎ. ಎರಡು ಚಾನೆಲ್ಲೂ 40 ವ್ಯಾಟ್ ಕೊಡುವಾಗ ರೈಲಿಂದ ಸುಮಾರು 120 ವ್ಯಾಟ್ ಎಳೆಯತ್ತೆ, ಆದ್ರೆ ರೆಕ್ಟಿಫೈಯರ್ (ಎಸಿಯನ್ನ ಡಿಸಿ ಮಾಡೋ ಡಯೋಡುಗಳು) ಕರೆಂಟನ್ನ ನಯವಾಗಿ ಎಳೆಯಲ್ಲ, ತುಂಡು ತುಂಡಾಗಿ ಎಳೆಯತ್ತೆ, ಹಾಗಾಗಿ ಟ್ರಾನ್ಸ್‌ಫಾರ್ಮರ್‌ಗೆ ಅದು 200 ವಿಎ ಥರ ಕಾಣತ್ತೆ. ಹಾಡಿನ ಸರಾಸರಿ ಇದಕ್ಕಿಂತ ತುಂಬಾ ಕಮ್ಮಿ, ಸೋ 200 ಸಾಕು, 300 ಹಾಕಿದ್ರೆ ಆರಾಮ, 500 ದುಡ್ಡು ದಂಡ. ಕ್ಲಾಸ್ ಎ ಆಂಪ್ ಮಾತ್ರ ಬೇರೆ ಕಥೆ, ಅದು ಹಾಡಿದ್ರೂ ಹಾಡದಿದ್ರೂ ಫುಲ್ ಎಳೀತಾನೇ ಇರತ್ತೆ. ಆಂಪ್ ಡಿಸೈನರ್ ನೆಲ್ಸನ್ ಪಾಸ್ ಅವರ ಎಫ್5 ಚಾನೆಲ್ಲಿಗೆ ಬರೀ 25 ವ್ಯಾಟ್ ಕೊಡತ್ತೆ, ಆದ್ರೆ ಪ್ಲಸ್ ಮೈನಸ್ 24 ವೋಲ್ಟಲ್ಲಿ 1.3 ಆಂಪಿಯರ್ ಬಯಾಸ್ (ಸದಾ ಹರಿಯೋ ಕರೆಂಟು) ಅಂದ್ರೆ ಸುಮ್ನೆ ಕೂತಿದ್ದಾಗಲೇ ಚಾನೆಲ್ಲಿಗೆ 60 ವ್ಯಾಟಿನ ಮೇಲೆ ಶಾಖ. ಅಂಥದ್ದಕ್ಕೆ ಈ ಶಾಖದ ಒಟ್ಟು ವ್ಯಾಟಿನ ಎರಡು ಎರಡೂವರೆ ಪಟ್ಟು ವಿಎ ಇಡಬೇಕು, ಇಲ್ಲಾಂದ್ರೆ ಟ್ರಾನ್ಸ್‌ಫಾರ್ಮರ್ ಮೇಲೆ ಕೈ ಇಡಕ್ಕಾಗಲ್ಲ.

ಟ್ರಾನ್ಸ್‌ಫಾರ್ಮರ್ ಸುತ್ತಿಸೋದು ನಮ್ಮಲ್ಲಿ ಈಗಲೂ ಸುಲಭ, ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಕೇಳಿದ್ರೆ ಆರ್ಡರಿಗೆ ಸುತ್ತಿಕೊಡೋರು ಸಿಗ್ತಾರೆ. ಆದ್ರೆ "ಆಂಪಿಗೆ ಒಂದು ಟೊರಾಯ್ಡ್" ಅಂತ ಹೇಳಿ ಬಂದ್ಬಿಡಬೇಡಿ. ಪ್ರೈಮರಿ (ಮೈನ್ಸ್ ಕಡೆಯ ಸುತ್ತು) 230 ಅಲ್ಲ 240ಕ್ಕೆ ಸುತ್ತಿ ಅನ್ನಿ, ಆಗ ಲೈನ್ ಏರಿದಾಗ ಕೋರ್ ಸ್ಯಾಚುರೇಟ್ ಆಗಿ ಗೊರ್ ಅನ್ನೋದು ಕಮ್ಮಿ ಆಗತ್ತೆ. ಹಾಗೆ ಸುತ್ತಿಸಿದ್ರೆ 22 ವೋಲ್ಟ್ ಯಾವ ಇನ್‌ಪುಟ್ಟಿಗೆ ಅಂತಲೂ ಚೀಟೀಲಿ ಬರೆದುಕೊಡಿ. ತಾಮ್ರದ ವೈರೇ ಬೇಕು ಅನ್ನಿ, ಅಲ್ಯೂಮಿನಿಯಂ ಸುತ್ತಿ ಕೊಡೋದೂ ಇದೆ. ಪ್ರೈಮರಿ ಮತ್ತು ಸೆಕೆಂಡರಿ (ಆಂಪ್ ಕಡೆಯ ಸುತ್ತು) ಮಧ್ಯ ಒಂದು ತಾಮ್ರದ ಸ್ಕ್ರೀನ್ ಹಾಕಿ ಅದರ ವೈರ್ ಹೊರಗೆ ಕೊಡಿ ಅನ್ನಿ, ಅದು ಅರ್ಥಿಗೆ ಹೋಗತ್ತೆ, ಮೈನ್ಸಿನ ಕಸ ಅಲ್ಲೇ ಇಳಿಯತ್ತೆ. ಸೆಂಟರ್ ಟ್ಯಾಪ್ ಬದಲು ಎರಡು ಬೇರೆ ಬೇರೆ 22 ವೋಲ್ಟ್ ಸೆಕೆಂಡರಿ ಕೊಟ್ರೆ ಇನ್ನೂ ಒಳ್ಳೇದು. ಆಗ ಜೋಡಿಸುವಾಗ ಒಂದರ ಕೊನೆ ಇನ್ನೊಂದರ ಶುರು ಸೇರಬೇಕು, ಯಾವುದು ಯಾವುದು ಅಂತ ಗೊತ್ತಾಗದೇ ಇದ್ರೆ ಯಾವುದಾದ್ರೂ ಎರಡು ತುದಿ ಸೇರಿಸಿ ಉಳಿದೆರಡರ ಮಧ್ಯ ಎಸಿ ಅಳೆಯಿರಿ, 44 ಬಂದ್ರೆ ಸರಿ, ಸೊನ್ನೆ ಬಂದ್ರೆ ಒಂದನ್ನ ತಿರುಗಿಸಿ ಹಾಕಿ.

ಟೊರಾಯ್ಡ್ ಕೂರಿಸೋ ಬೋಲ್ಟ್ ಬಗ್ಗೆ ಒಂದು ಮಾತು. ಆ ಬೋಲ್ಟಿನ ಕೆಳತುದಿ ಚಾಸಿಗೆ ಕಚ್ಚಿದೆ, ಮೇಲ್ತುದಿ ಮುಚ್ಚಳಕ್ಕೂ ತಾಗಿಬಿಟ್ರೆ ಅದು ಕೋರಿನ ಸುತ್ತ ಒಂದು ಶಾರ್ಟ್ ಆದ ಸುತ್ತು ಆಯ್ತು ಅಂತ ಅರ್ಥ, ನೂರಾರು ಆಂಪಿಯರ್ ಹರಿಯಬಹುದು, ಫ್ಯೂಸ್ ಹೋಗತ್ತೆ, ಫ್ಯೂಸ್ ದಪ್ಪ ಹಾಕಿದ್ರೆ ಟ್ರಾನ್ಸ್‌ಫಾರ್ಮರೇ ಹೋಗತ್ತೆ. ಮುಚ್ಚಳಕ್ಕೂ ಬೋಲ್ಟಿಗೂ ಕನಿಷ್ಠ ಒಂದು ಬೆರಳು ಜಾಗ ಬಿಡಿ.

ಬ್ರಿಡ್ಜಿಗೆ (ನಾಲ್ಕು ಡಯೋಡು ಸೇರಿದ ರೆಕ್ಟಿಫೈಯರ್) ಕೆಬಿಪಿಸಿ3510 ಹಾಕಿ, 35 ಆಂಪಿಯರ್ 1000 ವೋಲ್ಟಿಂದು, ಎಲ್ಲ ಕಡೆ ಸಿಗತ್ತೆ, ಚಾಸಿಗೆ ಸ್ಕ್ರೂ ಹಾಕಿ ಕೂರಿಸಿದ್ರೆ ತಣ್ಣಗಿರತ್ತೆ. ಫಾಸ್ಟ್ ಡಯೋಡ್, ಶಾಟ್ಕಿ ಎಲ್ಲ ಆಮೇಲೆ ನೋಡ್ಕೊಳ್ಳೋಣ, ಶಬ್ದ ಬದಲಾಯಿಸೋ ವಿಷಯಗಳಲ್ಲಿ ಅದು ಕೊನೇದು.

ಕೆಪಾಸಿಟರ್ ವಿಷಯಕ್ಕೆ ಬಂದ್ರೆ ಇಲ್ಲಿ ದುಡ್ಡು ಜಾಸ್ತಿ ಪೋಲಾಗತ್ತೆ. ಲೆಕ್ಕ ಸುಲಭ. ಫುಲ್ ವೇವ್ ಆದ್ರೆ 10 ಮಿಲಿಸೆಕೆಂಡಿಗೊಮ್ಮೆ ತುಂಬತ್ತೆ, ನಮ್ಮ ಆಂಪ್ ಎರಡೂ ಚಾನೆಲ್ ಸೇರಿ ಒಂದು ರೈಲಿಂದ ಸರಾಸರಿ 2 ಆಂಪಿಯರ್ ಎಳೆದ್ರೆ, 10,000 ಮೈಕ್ರೋಫ್ಯಾರಡ್‌ಗೆ ರಿಪಲ್ಲು ಹೆಚ್ಚೆಂದ್ರೆ 2 ವೋಲ್ಟು, 20,000ಕ್ಕೆ 1 ವೋಲ್ಟು, 40,000ಕ್ಕೆ ಅರ್ಧ. 20,000ದಿಂದ 40,000ಕ್ಕೆ ಹೋಗಿ ಉಳಿಸಿದ ಆ ಅರ್ಧ ವೋಲ್ಟು 26ರಲ್ಲಿ ಎಷ್ಟು? 0.2 ಡಿಬಿಗೂ ಕಮ್ಮಿ. ಅಷ್ಟೇ ಅಲ್ಲ, ಕೆಪಾಸಿಟರ್ ದೊಡ್ಡದಾದಷ್ಟೂ ತುಂಬೋ ಸಮಯ ಕಿರಿದಾಗಿ ಪಲ್ಸಿನ ಎತ್ತರ ಏರತ್ತೆ, ಆ ಪಲ್ಸೇ ಮುಂದೆ ಹಮ್ (ಗುಂಯ್ ಸದ್ದು) ತರೋದು. ಜಪಾನಿನ 47 ಲ್ಯಾಬೊರೇಟರಿಯ ಗೇನ್‌ಕಾರ್ಡ್ ಅಂತ ಒಂದು ಆಂಪ್ ಇತ್ತು, ಒಳಗೆ ಇದೇ ಕುಟುಂಬದ ಎಲ್‌ಎಮ್3875 ಚಿಪ್ಪು, ಫಿಲ್ಟರಿಗೆ ಬರೀ 1000 ಮೈಕ್ರೋಫ್ಯಾರಡ್, ಅದನ್ನ ಹೈ ಎಂಡ್ ಅಂತಲೇ ಮಾರಿದ್ರು, ಜನ ಮೆಚ್ಚಿಕೊಂಡು ಕೇಳಿದ್ರು. ಅಷ್ಟು ಕಮ್ಮಿ ಹಾಕಿ ಅಂತ ನಾನು ಹೇಳ್ತಿಲ್ಲ, ಬಾಸ್ ಜೋರಾಗಿ ಬಂದ್ರೆ ರೈಲ್ ಕುಸಿಯತ್ತೆ. ರೈಲಿಗೆ 10,000ದ್ದು ಎರಡು ಹಾಕಿ, ನಿಲ್ಲಿಸಿ, ಉಳಿದ ದುಡ್ಡು ಟ್ರಾನ್ಸ್‌ಫಾರ್ಮರ್‌ಗೆ ಹಾಕಿ.

ವೋಲ್ಟೇಜು 50 ನಡೆಯತ್ತೆ, 63 ಸಿಕ್ಕಿದ್ರೆ ತಗೊಳ್ಳಿ. 105 ಡಿಗ್ರೀದೇ ಬೇಕು, ಹೀಟ್ ಸಿಂಕಿಂದ ದೂರ ಇಡಿ, 10 ಡಿಗ್ರಿ ಬಿಸಿ ಜಾಸ್ತಿ ಆದ್ರೆ ಎಲೆಕ್ಟ್ರೊಲಿಟಿಕ್ಕಿನ ಆಯಸ್ಸು ಅರ್ಧ ಆಗತ್ತೆ ಅನ್ನೋದು ಹಳೇ ಲೆಕ್ಕ. ನಕಲಿ ಮಾಲು ಬಹಳ ಇದೆ, ಸಣ್ಣ ಕೆಪಾಸಿಟರ್‌ಗೆ ದೊಡ್ಡ ಸ್ಲೀವ್ ಹಾಕಿರ್ತಾರೆ, ಕೈಯಲ್ಲಿ ಹಿಡಿದ್ರೇನೇ ಹಗುರ ಅನ್ಸತ್ತೆ. ಅಗ್ಗದ ಎಲ್‌ಸಿಆರ್ ಮೀಟರಲ್ಲಿ ಅಳೆದು ಬರೆದಿರೋದಕ್ಕಿಂತ ಶೇಕಡಾ 20ಕ್ಕೂ ಹೆಚ್ಚು ಕಮ್ಮಿ ತೋರಿಸಿದ್ರೆ ವಾಪಸ್ ಕೊಡಿ.

ಕ್ಲಾಸ್ ಎ ಮಾಡೋರು ಎರಡು ಕೆಪಾಸಿಟರ್ ಮಧ್ಯ 0.22 ಓಮ್ 10 ವ್ಯಾಟ್ ರೆಸಿಸ್ಟರ್ ಹಾಕಿದ್ರೆ ರಿಪಲ್ಲು ಚೆನ್ನಾಗಿ ಇಳಿಯತ್ತೆ. ನಮ್ಮ ಚಿಪ್ಪಿನ ಬಗೆಯ ಕ್ಲಾಸ್ ಎಬಿಗೆ ಅದರ ಅಗತ್ಯ ಇಲ್ಲ, ಯಾಕಂದ್ರೆ ಈ ಚಿಪ್ಪು ರೈಲಿನ ರಿಪಲ್ಲನ್ನ ತಾನೇ 100 ಡಿಬಿಗೂ ಮೇಲೆ ತಡೆಯತ್ತೆ.

ಹಾಗಾದ್ರೆ ಗುಂಯ್ ಎಲ್ಲಿಂದ ಬರತ್ತೆ? ಗ್ರೌಂಡ್ ವೈರಿಂಗಿಂದ. ಹತ್ತರಲ್ಲಿ ಒಂಬತ್ತು ಸಲ ಅಲ್ಲಿಂದಾನೇ, ಹಾಗಾಗಿ ಇದನ್ನ ನಿಧಾನವಾಗಿ ಓದಿ. ಟ್ರಾನ್ಸ್‌ಫಾರ್ಮರಿನ ಸೆಂಟರ್ ವೈರು ಪ್ಲಸ್ ಮೈನಸ್ ಕೆಪಾಸಿಟರ್‌ಗಳು ಸೇರೋ ಜಾಗಕ್ಕೆ ಬರತ್ತಲ್ಲ, ಆ ತುಂಡು ವೈರಲ್ಲಿ 10 ಮಿಲಿಸೆಕೆಂಡಿಗೊಮ್ಮೆ 10 ಆಂಪಿಯರ್ ಮೀರಿದ ಪಲ್ಸ್ ಓಡಾಡತ್ತೆ. ಒಂದೂವರೆ ಸ್ಕ್ವೇರ್ ಎಮ್‌ಎಮ್ ತಾಮ್ರದ ವೈರು 10 ಸೆಂಟಿಮೀಟರಿಗೆ ಸುಮಾರು 1 ಮಿಲಿ ಓಮ್. 10 ಆಂಪಿಯರ್ ಹರಿದ್ರೆ 10 ಮಿಲಿವೋಲ್ಟ್. ಏನೂ ಅಲ್ಲ ಅನ್ಸತ್ತೆ ಅಲ್ವಾ, ಆದ್ರೆ ಇನ್‌ಪುಟ್ ಗ್ರೌಂಡನ್ನ ಆ ವೈರಿನ ಒಂದು ತುದಿಗೂ ಬೋರ್ಡಿನ ಗ್ರೌಂಡನ್ನ ಇನ್ನೊಂದು ತುದಿಗೂ ಹಾಕಿದ್ರಿ ಅಂದ್ರೆ ಆ 10 ಮಿಲಿವೋಲ್ಟ್ ಸಿಗ್ನಲ್ ಜೊತೆ ಸೇರ್ಕೊಂಡ್ಬಿಡತ್ತೆ, ಆಂಪ್ ಅದನ್ನ 20 ಪಟ್ಟು ಮಾಡಿ 0.2 ವೋಲ್ಟ್ ಸ್ಪೀಕರಿಗೆ ಕೊಡತ್ತೆ, ರೂಮಿನ ಆಚೆ ಬಾಗಿಲಿಗೂ ಕೇಳಿಸತ್ತೆ. 40,000 ಮೈಕ್ರೋಫ್ಯಾರಡ್ ಹಾಕಿ ಹೋಗದ ಹಮ್ಮು ಒಂದು ವೈರನ್ನ ಎರಡು ಇಂಚು ಪಕ್ಕಕ್ಕೆ ಸರಿಸಿದ್ರೆ ಹೋಗೋದು ಇದೇ ಕಾರಣಕ್ಕೆ.

ಸರಿಯಾದ ರೀತಿ ಹೀಗೆ. ಸೆಂಟರ್ ವೈರುಗಳು, ಎರಡೂ ಕಡೆ ಕೆಪಾಸಿಟರ್ ಕಾಲುಗಳು, ಇವು ಒಂದು ದಪ್ಪ ತಾಮ್ರದ ಪಟ್ಟೀಲಿ ಸೇರಲಿ. ಆ ಪಟ್ಟಿಗೆ ಬೇರೆ ಏನೂ ಹಚ್ಚಬೇಡಿ. ಆ ಪಟ್ಟಿಯ ನಡುವಿಂದ ಒಂದೇ ಒಂದು ಚಿಕ್ಕ ವೈರು ಹೊರಗೆ ತಂದು ಒಂದು ಬೋಲ್ಟಿಗೆ ಹಾಕಿ, ಅದು ಸ್ಟಾರ್. ಸ್ಪೀಕರ್‌ಗಳ ವಾಪಸ್ ವೈರು, ಎರಡು ಬೋರ್ಡಿನ ಪವರ್ ಗ್ರೌಂಡ್, ಸಿಗ್ನಲ್ ಗ್ರೌಂಡ್ ಎಲ್ಲಾ ತಮ್ಮ ತಮ್ಮ ಬೇರೆ ವೈರಲ್ಲೇ ಈ ಬೋಲ್ಟಿಗೆ ಬರಬೇಕು. ಹಾದಿ ಹತ್ರ ಆಗತ್ತೆ ಅಂತ ಸ್ಪೀಕರ್ ಮೈನಸ್ಸನ್ನ ಬೋರ್ಡಲ್ಲೇ ಸಿಗ್ನಲ್ ಗ್ರೌಂಡಿಗೆ ಸೇರಿಸಬೇಡಿ. ಆರ್‌ಸಿಎ ಸಾಕೆಟ್ ಚಾಸಿಗೆ ತಾಗದ ಹಾಗೆ ಪ್ಲಾಸ್ಟಿಕ್ ವಾಷರ್ ಹಾಕಿ. ಸೆಕೆಂಡರಿ ವೈರುಗಳನ್ನ ಒಟ್ಟಿಗೆ ಹುರಿ ಮಾಡಿ, ಪ್ಲಸ್ ಮೈನಸ್ ರೈಲ್ ವೈರು ಗ್ರೌಂಡ್ ಮೂರನ್ನೂ ಒಟ್ಟಿಗೆ ಹುರಿ ಮಾಡಿ, ಇನ್‌ಪುಟ್ ವೈರು ಇವುಗಳಿಂದ ದೂರ ಹೋಗಲಿ, ದಾಟಲೇಬೇಕಾದ್ರೆ ಅಡ್ಡಡ್ಡ ದಾಟಲಿ. ಚಿಪ್ಪಿನ ಕಾಲಿನ ಪಕ್ಕದಲ್ಲೇ, ಒಂದೆರಡು ಸೆಂಟಿಮೀಟರ್ ಒಳಗೆ, ರೈಲಿಗೊಂದು 100 ನ್ಯಾನೋಫ್ಯಾರಡ್ ಮತ್ತು 220 ಮೈಕ್ರೋಫ್ಯಾರಡ್ ಇರಬೇಕು, ದೂರದ ದೊಡ್ಡ ಡಬ್ಬಿಗಳು ಆ ಕೆಲಸ ಮಾಡಲ್ಲ.

ಅರ್ಥಿಂಗ್. ಮೂರು ಪಿನ್ ಪ್ಲಗ್ಗಿನ ಅರ್ಥ್ ವೈರು ನೇರ ಚಾಸಿಗೆ, ಬಣ್ಣ ಕೆರೆದು, ಸ್ಟಾರ್ ವಾಷರ್ ಹಾಕಿ, ಅದಕ್ಕೇ ಅಂತ ಇರೋ ಬೋಲ್ಟಲ್ಲಿ. ಹಮ್ ಹೋಗತ್ತೆ ಅಂತ ದಪ್ಪ ಪಿನ್ ತೆಗೆಯೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳಬೇಡಿ, ಟ್ರಾನ್ಸ್‌ಫಾರ್ಮರ್ ಇನ್ಸುಲೇಶನ್ ಹೋದ ದಿನ ಆ ಚಾಸಿ 230 ವೋಲ್ಟಲ್ಲಿ ಕೂತಿರತ್ತೆ. ಮನೆಯ ಅರ್ಥ್ ನಿಜವಾಗ್ಲೂ ಇದೆಯಾ ಅಂತಲೂ ನೋಡಿ, ಫೇಸಿಗೂ ಅರ್ಥಿಗೂ 230 ಹತ್ರ ಬರಬೇಕು, ನ್ಯೂಟ್ರಲ್ಲಿಗೂ ಅರ್ಥಿಗೂ ಒಂದೆರಡು ವೋಲ್ಟು. ಹಳೇ ಮನೆಗಳಲ್ಲಿ ಸಾಕೆಟ್ಟಿಗೆ ಅರ್ಥ್ ತೂತು ಇರತ್ತೆ, ವೈರೇ ಇರಲ್ಲ. ಲೂಪ್ ಹಮ್ (ಎರಡು ಉಪಕರಣ ಬೇರೆ ಬೇರೆ ದಾರೀಲಿ ಅರ್ಥ್ ಆದಾಗ ಬರೋ ಗುಂಯ್) ತಡೆಯೋಕೆ ಸ್ಟಾರ್ ಬೋಲ್ಟಿಗೂ ಚಾಸಿಗೂ ಮಧ್ಯ ಇನ್ನೊಂದು 35 ಆಂಪಿಯರ್ ಬ್ರಿಡ್ಜ್ ಹಾಕಿ: ಅದರ ಪ್ಲಸ್ ಮೈನಸ್ ಶಾರ್ಟ್ ಮಾಡಿ, ಎಸಿ ಕಾಲು ಒಂದು ಸ್ಟಾರಿಗೆ, ಒಂದು ಚಾಸಿಗೆ, ಅಡ್ಡಲಾಗಿ 10 ಓಮ್ 5 ವ್ಯಾಟ್ ಮತ್ತು 100 ನ್ಯಾನೋಫ್ಯಾರಡ್. ಸಣ್ಣ ಲೂಪ್ ವೋಲ್ಟೇಜಿಗೆ 10 ಓಮ್ ಅಡ್ಡ ನಿಲ್ಲತ್ತೆ, ದೊಡ್ಡ ಫಾಲ್ಟ್ ಆದ್ರೆ ಡಯೋಡ್ ಹಿಡ್ಕೊಳ್ಳತ್ತೆ.

ಈಗ ಆನ್ ಮಾಡೋ ಕ್ಷಣ. ಟೊರಾಯ್ಡು ಆನ್ ಆದಾಗ ಹತ್ತಾರು ಆಂಪಿಯರ್ ಎಳೆಯಬಹುದು, ಖಾಲಿ ಕೆಪಾಸಿಟರ್ ಬೇರೆ. 300 ವಿಎ ಮತ್ತು ಮೇಲಕ್ಕೆ ಪ್ರೈಮರೀಲಿ, ಬಿಸಿಯಾದಷ್ಟೂ ಓಮ್ ಇಳಿಯೋ 10 ಓಮಿನ ಎನ್‌ಟಿಸಿ ಹಾಕಿ. ಆದ್ರೆ ನಮ್ಮಲ್ಲಿ ಕರೆಂಟು ಹೋಗಿ ಎರಡು ಸೆಕೆಂಡಿಗೆ ವಾಪಸ್ ಬರತ್ತಲ್ಲ, ಆಗ ಎನ್‌ಟಿಸಿ ಇನ್ನೂ ಬಿಸಿ ಇರತ್ತೆ, ಅದರ ಓಮ್ ಬಿದ್ದೋಗಿರತ್ತೆ, ಏನೂ ತಡೆಯಲ್ಲ. ಅದಕ್ಕೆ ಆನ್ ಆದ ಒಂದು ಸೆಕೆಂಡಿಗೆ ಎನ್‌ಟಿಸಿಯನ್ನ ಶಾರ್ಟ್ ಮಾಡೋ ರಿಲೇ ಬೇಕು, ಆಗ ಆಂಪ್ ಓಡ್ತಿರುವಾಗ ಎನ್‌ಟಿಸಿ ತಣ್ಣಗಾಗಿರತ್ತೆ. ಆ ರಿಲೇ ಕಾಯಿಲ್ ಸಪ್ಲೈಗೆ ದೊಡ್ಡ ಕೆಪಾಸಿಟರ್ ಹಾಕಬೇಡಿ, ಕರೆಂಟ್ ಹೋದ ತಕ್ಷಣ ರಿಲೇ ಬಿಡಬೇಕು.

ಮನೇಲಿ ಇನ್ವರ್ಟರ್ ಇದ್ರೆ ಅದು ಪ್ಯೂರ್ ಸೈನೋ ಸ್ಕ್ವೇರೋ ತಿಳ್ಕೊಳ್ಳಿ. ಸೈನ್ 230ಕ್ಕೆ ಪೀಕು 325, ಸ್ಕ್ವೇರ್ 230ಕ್ಕೆ ಪೀಕೂ 230ರ ಆಸುಪಾಸೇ. ನಮ್ಮ ಕೆಪಾಸಿಟರ್ ತುಂಬೋದು ಪೀಕಿಗೆ, ಹಾಗಾಗಿ ಮೀಟರಲ್ಲಿ 230 ತೋರಿಸಿದ್ರೂ ರೈಲು 30 ಇರೋದು 22ಕ್ಕೆ ಬೀಳತ್ತೆ, ಪವರ್ ಅರ್ಧ ಆಗತ್ತೆ, ಟ್ರಾನ್ಸ್‌ಫಾರ್ಮರ್ ಬೇರೆ ಗರಗರ ಅನ್ನತ್ತೆ. ಆಂಪ್ ಕೆಟ್ಟಿಲ್ಲ, ಆ ಲೈನಿಂದ ತೆಗೆದು ನೇರ ಮೈನ್ಸಿಗೆ ಹಾಕಿ. ಎಸ್‌ಎಮ್‌ಪಿಎಸ್ (ಸ್ವಿಚಿಂಗ್ ಬಗೆಯ ಸಪ್ಲೈ) ಆದ್ರೆ ಇಂಥ ತಲೆನೋವು ಕಮ್ಮಿ, ಎಸ್‌ಎಮ್‌ಪಿಎಸ್ ಅಂದ್ರೆ ಕೀಳು ಅನ್ನೋದೂ ಹಳೇ ಮಾತು, ಬೆಂಚ್‌ಮಾರ್ಕ್ ಎಎಚ್‌ಬಿ2 ಅಂಥ ಅತಿ ನಿಶ್ಶಬ್ದ ಆಂಪಲ್ಲಿ ಅದೇ ಇರೋದು. ಆದ್ರೆ ಮನೇಲಿ ಮೊದಲಿಂದ ಕಟ್ಟೋಕೆ ಅದು ಬೇಡ, ಬೇಕಿದ್ರೆ ರೆಡಿಮೇಡ್ ಮಾಡ್ಯೂಲ್ ತಗೊಳ್ಳಿ.

ಫ್ಯೂಸ್ ಪ್ರೈಮರೀಲಿ 2 ಆಂಪಿಯರ್ ಸ್ಲೋ ಬ್ಲೋ. ಪ್ರತಿ ರೈಲಿಗೂ ಗ್ರೌಂಡಿಗೂ ಅಡ್ಡ 2.2 ಕೆ 2 ವ್ಯಾಟ್ ರೆಸಿಸ್ಟರ್, ಆಫ್ ಮಾಡಿದ ಮೇಲೆ ಖಾಲಿಯಾಗೋಕೆ. ಆದ್ರೂ ಮೂರ್ನಾಲ್ಕು ನಿಮಿಷ ಕಾದು, ಮೀಟರಲ್ಲಿ ನೋಡಿ ಆಮೇಲೆ ಕೈ ಹಾಕಿ. ಸ್ಪೀಕರ್ ಪ್ರೊಟೆಕ್ಷನ್ ಬೋರ್ಡ್, ಯುಪಿಸಿ1237 ಚಿಪ್ಪು ಇರೋದು ಅಗ್ಗಕ್ಕೆ ಸಿಗತ್ತೆ, ಬಿಡಬೇಡಿ, ಒಂದು ರೈಲ್ ಹೋದ್ರೆ ಡಿಸಿ ನೇರ ವೂಫರಿಗೆ.

ಮೊದಲ ಸಲ ಕರೆಂಟ್ ಕೊಡೋದು ಸೀರೀಸ್ ಬೋರ್ಡಲ್ಲೇ, ಅಂದ್ರೆ ಮೈನ್ಸ್ ಹಾದೀಲಿ ಸರಣಿಯಾಗಿ 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬು, ಎಲ್‌ಇಡಿ ನಡೆಯಲ್ಲ. ಮೊದಲು ಬರೀ ಟ್ರಾನ್ಸ್‌ಫಾರ್ಮರ್, ಬಲ್ಬು ಉರಿಯಬಾರದು. ಆಮೇಲೆ ಬ್ರಿಡ್ಜ್ ಮತ್ತು ಕೆಪಾಸಿಟರ್ ಸೇರಿಸಿ, ಹಾಕುವ ಮುಂಚೆ ಕೆಪಾಸಿಟರ್ ಪ್ಲಸ್ ಮೈನಸ್ ಇನ್ನೊಮ್ಮೆ ನೋಡಿ, ಮೈನಸ್ ರೈಲಲ್ಲಿ ಪ್ಲಸ್ ಕಾಲು ಗ್ರೌಂಡಿಗೆ ಹೋಗಬೇಕು, ಅಲ್ಲೇ ಎಲ್ಲರೂ ಎಡವೋದು. ಬಲ್ಬು ಒಮ್ಮೆ ಭಗ್ ಅಂತ ಹೊತ್ತಿ ನಿಧಾನ ಮಂಕಾಗಬೇಕು, ಹೊತ್ತೇ ಇದ್ರೆ ಆಫ್ ಮಾಡಿ ಶಾರ್ಟ್ ಹುಡುಕಿ. ಎರಡು ರೈಲೂ ಗ್ರೌಂಡಿಗೆ ಸಮ ಇರಬೇಕು, ಅರ್ಧ ವೋಲ್ಟ್ ಆಚೀಚೆ ಪರವಾಗಿಲ್ಲ. ಆಮೇಲೆ ಒಂದು ಚಾನೆಲ್, ಸ್ಪೀಕರ್ ಇಲ್ಲದೆ, ಔಟ್‌ಪುಟ್ಟಲ್ಲಿ ಡಿಸಿ 50 ಮಿಲಿವೋಲ್ಟ್ ಒಳಗಿರಬೇಕು. ಸರಿ ಇದ್ರೆ ಬಲ್ಬು ತೆಗೆದು ನೇರ ಕೊಡಿ, ಮೊದಲು ಹಳೇ ಬೇಡದ ಸ್ಪೀಕರು ಹಾಕಿ.

ಇಷ್ಟಾದ ಮೇಲೂ ಸದ್ದಿದ್ರೆ ಇನ್‌ಪುಟ್ಟಿಗೆ ಶಾರ್ಟ್ ಮಾಡಿದ ಆರ್‌ಸಿಎ ಪ್ಲಗ್ ಹಾಕಿ ಕೇಳಿ. ಸದ್ದು ಹೋಯ್ತು ಅಂದ್ರೆ ತಪ್ಪು ಹೊರಗಿಂದು, ಬಹಳ ಸಲ ಕೇಬಲ್ ಟಿವಿ ಸೆಟ್ ಟಾಪ್ ಬಾಕ್ಸು, ಅದರ ಕೇಬಲ್ ಬಿಚ್ಚಿ ನೋಡಿ ಗೊತ್ತಾಗತ್ತೆ. ಹೋಗಲಿಲ್ಲ ಅಂದ್ರೆ ಸದ್ದಿನ ಬಗೆ ಕೇಳಿ: ದಪ್ಪ ದನಿಯ ಮೆತ್ತನೆ ಗುಂಯ್ ಆದ್ರೆ 50 ಹರ್ಟ್ಸ್, ಟ್ರಾನ್ಸ್‌ಫಾರ್ಮರ್ ಬೋಲ್ಟ್ ಸಡಿಲಿಸಿ ಟೊರಾಯ್ಡನ್ನ ನಿಧಾನ ತಿರುಗಿಸಿ, ಎಲ್ಲೋ ಒಂದು ಕೋನದಲ್ಲಿ ಕಮ್ಮಿ ಆಗತ್ತೆ, ಅಲ್ಲೇ ಬಿಗಿ ಮಾಡಿ. ಚುಚ್ಚೋ ಥರದ ಜರ್ ಆದ್ರೆ 100 ಹರ್ಟ್ಸ್ ಮತ್ತು ಅದರ ಮೇಲಿಂದು, ಚಾರ್ಜಿಂಗ್ ಪಲ್ಸ್ ಗ್ರೌಂಡಿಗೆ ಸೇರ್ತಿದೆ, ತಾಮ್ರದ ಪಟ್ಟಿ ಹತ್ರ ಹೋಗಿ ಯಾವ ವೈರು ತಪ್ಪು ಜಾಗಕ್ಕೆ ಬಂದಿದೆ ನೋಡಿ. ಸ್ಪೀಕರಲ್ಲಿ ಏನೂ ಇಲ್ಲ, ಡಬ್ಬಿಯೇ ಗೊರ್ ಅಂತಿದೆ, ಅದೂ ಪಕ್ಕದ ಮನೇಲಿ ಹೇರ್ ಡ್ರೈಯರ್ ಅರ್ಧ ಸ್ಪೀಡಲ್ಲಿ ಹಾಕಿದಾಗ ಜಾಸ್ತಿ ಅಂದ್ರೆ ಲೈನಲ್ಲಿ ಡಿಸಿ ಸೇರಿದೆ ಅಂತ ಅರ್ಥ, ಅದಕ್ಕೆ ಪ್ರೈಮರಿ ಸೀರೀಸಲ್ಲಿ ಡಿಸಿ ಬ್ಲಾಕರ್ ಬೇಕು, ಎರಡು ದೊಡ್ಡ ಕೆಪಾಸಿಟರ್ ಮೈನಸ್ಸಿಗೆ ಮೈನಸ್ ಸೇರಿಸಿ ಅಡ್ಡ ಒಂದು ಬ್ರಿಡ್ಜ್ ಹಾಕಿ ಮಾಡೋದು. ಮೈನ್ಸ್ ಭಾಗದ ಕೆಲಸ ಅದು, ಅಭ್ಯಾಸ ಇಲ್ಲದೋರು ರೆಡಿ ಬೋರ್ಡ್ ತಂದು ಗೊತ್ತಿರೋರ ಕೈಲಿ ಹಾಕಿಸಿ.